ಅಂಗಾಲಿಡುವದಕ್ಕೆ ಸ್ಥಳ

ಓದತಕ್ಕ ಭಾಗ: ರೂತಳು 3ನೆಯ ಅಧ್ಯಾಯ, 1ರಿಂದ 5ರ ವರೆಗೆ



ಜಲಪ್ರಳಯವು ಇಳಿಯುತ್ತಿರುವಾಗ ನೋಹನು ನಾವೆಯಿಂದ ಒಂದು ಪಾರಿವಾಳವನ್ನು ಹೊರಗೆ ಬಿಟ್ಟನೆಂದೂ, ಎಲ್ಲೆಲ್ಲಿಯೂ ನೀರು ನಿಂತಿದ್ದದರಿಂದ ಅದು ಅಂಗಾಲಿಡುವಷ್ಟು ಸ್ಥಳವನ್ನೂ ಕಾಣದೆ ತಿರಿಗಿ ಬಂತೆಂದೂ ಆದಿಕಾಂಡದಲ್ಲಿ ಓದುತ್ತೇವೆ. ಅಲ್ಲಿ ಆ ಸ್ಥಳಕ್ಕೆ ಇಬ್ರಿಯ ಭಾಷೆಯಲ್ಲಿ ಮಾನೋಹ ಎಂಬ ಶಬ್ದವುಂಟು. ಕಾಲೂರಿ ದಣಿವಾರಿಸಿಕೊಳ್ಳುವ ಠಾವು ಎಂಬದು ಅದರ ಅರ್ಥ. (ಸಂಸೋನನ ತಂದೆಯ ಹೆಸರೂ ಇದೇ ಎಂಬದನ್ನು ಬಲ್ಲವರು ಬಲ್ಲರು.) ಅದೇ ಶಬ್ದವು ರೂತಳ ಪುಸ್ತಕದ ಮೂರನೆಯ ಅಧ್ಯಾಯದ ಮೊದಲಲ್ಲಿ ವೃದ್ಧೆಯಾದ ನೊವೊಮಿಯ ಬಾಯಲ್ಲಿ ಬರುತ್ತದೆ. ತನ್ನ ಸೊಸೆಗೆ ಅಂಥದೊಂದು ಠಾವನ್ನು ತಾನು ಹುಡುಕಬೇಡವೇ ಎಂದು ಆಕೆ ಕೇಳುತ್ತಾಳೆ. ಪಾರಿವಾಳಕ್ಕಾದರೋ ಹಿಂದಿರುಗುವದಕ್ಕೆ ನಾವೆಯಿತ್ತು. ಕೈ ಚಾಚಿ ಒಳಗೆ ತೆಗೆದುಕೊಳ್ಳುವದಕ್ಕೆ ನೋಹನಿದ್ದನು. ಮೋವಾಬಿನಿಂದ ಬಂದ ಆ ಹೆಣ್ಣುಮಗಳಿಗೆ ಈ ವಿಧವೆಯಾದ ಅತ್ತೆಯ ಹೊರತು ಯಾರಿದ್ದರು?

ಈ ಮಾತನ್ನು ಈಗ ಎತ್ತುವದಕ್ಕೆ ಕಾರಣವುಂಟು. ಪರೀಕ್ಷೆಗಳು ಮುಗಿದವು. ಹೊಸಕೋಟೆ, ಮಾಲೂರು, ಬಂಗಾರಪೇಟೆಗಳ ಸುತ್ತಲಿನ ನಮ್ಮ ಸಭೆಗಳಿಂದ ಯೌವನಸ್ಥರು ಒಬ್ಬರ ಹಿಂದೊಬ್ಬರು ಚೀಲವನ್ನು ಹೆಗಲಿಗೇರಿಸಿಕೊಂಡು ಕೃಷ್ಣರಾಜಪುರದಲ್ಲಿ ಇಳಿಯುತ್ತಿದ್ದಾರೆ. ಒಬ್ಬನು ವೈಟ್‌ಫೀಲ್ಡಿನ ಕಂಪೆನಿಯ ಬಾಗಿಲು ಕಾಯುವದಕ್ಕೆ ಹೋಗುತ್ತಾನೆ. ಒಬ್ಬಳು ಇಂದಿರಾನಗರದ ಅಂಗಡಿಯಲ್ಲಿ ಬಟ್ಟೆ ಮಡಚಿಡುವದಕ್ಕೆ. ಮತ್ತೊಬ್ಬನು ಬೈಕಿನ ಮೇಲೆ ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವದಕ್ಕೆ. 2023ನೆಯ ವರುಷದಲ್ಲಿ ಮೆಟ್ರೋ ರೈಲು ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೂ, ಇತ್ತ ಬೈಯಪ್ಪನಹಳ್ಳಿಗೂ ಕೂಡಿಕೊಂಡ ಮೇಲೆ ತಿರುಗಾಟವೇನೋ ಸುಲಭವಾಯಿತು. ಆದರೂ ಕಳೆದ ತಿಂಗಳು ಮಗನನ್ನು ಕಳುಹಿಸಿಕೊಟ್ಟ ತಾಯಿಯೊಬ್ಬಳು ಪ್ರಾರ್ಥನೆಯಾದ ಮೇಲೆ ನಮ್ಮ ಹತ್ತಿರ ಬಂದು, “ಅಯ್ನೋರೇ, ಅಲ್ಲಿ ನಮ್ಮ ಹುಡುಗನಿಗೆ ಜಾಗ ಅಂತ ಯಾವುದು?” ಎಂದು ಕೇಳಿದಳು. ಮಲಗುವ ಸ್ಥಳವನ್ನು ಕೇಳಿದಳೆಂದು ಮೊದಲು ತಿಳಿದೆವು. ಅವಳು ಕೇಳಿದ್ದು ಅದಲ್ಲ.

ನಮ್ಮ ತಾಯಿಯ ಕಡೆಯ ದೊಡ್ಡಜ್ಜಿಯೊಬ್ಬರು ಹಲಸೂರಿನಲ್ಲಿ ಬಹುಕಾಲ ಬಾಳಿ ಅಲ್ಲಿಯೇ ಕರ್ತನಲ್ಲಿ ನಿದ್ರೆಹೋದರು. ಅಕ್ಷರ ಬಾರದವರು, ಆದರೆ ರೂತಳ ಚರಿತ್ರೆಯನ್ನು ಮಕ್ಕಳಿಂದ ಓದಿಸಿ ಓದಿಸಿ ಬಾಯಿಪಾಠ ಮಾಡಿಕೊಂಡಿದ್ದರು. ಠಾವಿನ ವಿಷಯದಲ್ಲಿ ಅವರು ನಮಗೆ ಹೇಳಿಕೊಟ್ಟದ್ದನ್ನು ತರುವಾಯ ಸೆಮಿನರಿಯ ಪುಸ್ತಕಗಳಲ್ಲಿಯೂ ಹುಡುಕಿದೆವು. ಅಷ್ಟು ಸರಳವಾಗಿ ಎಲ್ಲಿಯೂ ಸಿಕ್ಕಲಿಲ್ಲ.

ಅವರ ಮಾತು ತಿಳಿಯಬೇಕಾದರೆ ದಂಡಿನ ಸಂಗತಿ ಸ್ವಲ್ಪ ತಿಳಿದಿರಬೇಕು. 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದಲ್ಲಿದ್ದ ತಮ್ಮ ಸೈನ್ಯವನ್ನು ಹಲಸೂರಿನ ಪಕ್ಕದ ಬಯಲಿಗೆ ತಂದು ನೆಲೆಗೊಳಿಸಿದರು. ಅದನ್ನೇ ನಮ್ಮ ಜನರು ದಂಡು ಎಂದು ಕರೆದರು. ಸೈನ್ಯದ ಹಿಂದೆ ತಮಿಳು ಸೀಮೆಯಿಂದ ಅಡಿಗೆಯವರು, ಕುದುರೆಯಾಳುಗಳು, ಅಗಸರು, ವರ್ತಕರು ಬಂದರು. ಆದದರಿಂದ ಅಲ್ಲಿಯ ದೇವಾಲಯಗಳಲ್ಲಿ ಇಂಗ್ಲಿಷ್ ಬಿಟ್ಟರೆ ತಮಿಳಿನ ಆರಾಧನೆಯೇ ಹೆಚ್ಚು. ಕನ್ನಡದ ನಮ್ಮಂಥವರು ನೆಂಟರ ಹಾಗೆ ಹೋಗಿ ಹಿಂದೆ ಕೂಡ್ರುವರು. 1881ರಲ್ಲಿ ಮೈಸೂರು ರಾಜ್ಯವು ಮಹಾರಾಜರ ಕೈಗೆ ತಿರಿಗಿ ಬಂದಾಗಲೂ ದಂಡು ಮಾತ್ರ ಇಂಗ್ಲಿಷರ ಕೈಯಲ್ಲಿಯೇ ಉಳಿಯಿತು. 1947ನೆಯ ಜುಲೈ 26ರಂದು ಅದೂ ಮೈಸೂರಿಗೆ ಸೇರಿತು. ಒಂದೇ ಪಟ್ಟಣವಾಗಿ ಎರಡು ರಾಜ್ಯದಂತಿದ್ದದ್ದು ಹೀಗೆ ಕೂಡಿತು. 1949ರಲ್ಲಿ ಎರಡು ಮುನಿಸಿಪಾಲಿಟಿಗಳೂ ಒಂದಾದವು.

ಚರಿತ್ರೆಯ ಪುಸ್ತಕದಲ್ಲಿ ಇದು ಸಂತೋಷದ ಮಾತು. ಬಂಗಲೆಗಳ ಹಿತ್ತಲಿನ ಕೊಠಡಿಗಳಲ್ಲಿದ್ದವರಿಗೆ ಅದು ಸಂತೋಷವೂ ಆಯಿತು, ಸಂಕಟವೂ ಆಯಿತು. ದೊಡ್ಡಜ್ಜಿಯವರು ಹದಿನಾಲ್ಕರ ಪ್ರಾಯದಲ್ಲಿ ಹಳ್ಳಿಯನ್ನು ಬಿಟ್ಟು ಒಂದು ಬಂಗಲೆಯಲ್ಲಿ ಮಗುವನ್ನು ಆಡಿಸುವ ಆಯಾ ಆಗಿ ಸೇರಿದ್ದರು. ದೊರೆಗಳ ಕುಟುಂಬವು ಹಡಗು ಹತ್ತುವದಕ್ಕೆ ಹೊರಟಾಗ ಬಟ್ಲರನಿಗೂ, ಅಡಿಗೆಯವನಿಗೂ, ಮಾಲಿಗೂ, ಇವರಿಗೂ ಒಂದೊಂದು ಚೀಟಿ ಸಿಕ್ಕಿತು. ಇಂಥವನು ನಂಬಿಗಸ್ತನು, ಇವನನ್ನು ಕೆಲಸಕ್ಕಿಟ್ಟುಕೊಳ್ಳಬಹುದು ಎಂದು ಬರೆದ ಕಾಗದ. ಆ ಬಟ್ಲರನು ಮೂವತ್ತು ವರುಷಗಳ ಚೀಟಿಗಳನ್ನೆಲ್ಲಾ ತಗಡಿನ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದನು. ಅನಂತರ ಎರಡು ಮೂರು ವರುಷ ದಿನಾಲೂ ಕೋಟಿಗೆ ಇಸ್ತ್ರಿ ಹಾಕಿಕೊಂಡು ಆ ಡಬ್ಬಿಯೊಂದಿಗೆ ಬಂಗಲೆಯಿಂದ ಬಂಗಲೆಗೆ ತಿರುಗಿದನು. ಚೀಟಿ ಬರೆದವರ ಹೆಸರನ್ನು ಬಲ್ಲವರು ಅಲ್ಲಿ ಒಬ್ಬರೂ ಉಳಿದಿರಲಿಲ್ಲ. ಅವನ ವಿಷಯವಾಗಿ ದೊಡ್ಡಜ್ಜಿಯವರು ಹೇಳುತ್ತಿದ್ದದ್ದು ಇಷ್ಟೇ: “ಬಂಗ್ಲೇನೇ ತನ್ನ ಜಾಗ ಅಂದ್ಕೊಂಡಿದ್ದ ಮಗಾ. ಆ ಬಂಗ್ಲೆ ದೊರೇದೂ ಅಲ್ಲ, ಬಾಡಿಗೇದು.”

ಸಹೋದರರೇ, ಈ ಮಾತನ್ನು ಹಿಡಿದುಕೊಂಡು ರೂತಳ ಎರಡನೆಯ ಅಧ್ಯಾಯದ ಕೊನೆಯ ವಚನವನ್ನು ನೋಡಿರಿ. ರೂತಳು ಜವೆಗೋದಿಯ ಸುಗ್ಗಿಯೂ ಗೋದಿಯ ಸುಗ್ಗಿಯೂ ತೀರುವ ತನಕ ಬೋವಜನ ಹೆಣ್ಣಾಳುಗಳ ಜೊತೆಯಲ್ಲಿ ಹಕ್ಕಲಾಯುತ್ತಿದ್ದಳೆಂದು ಬರೆದದೆ. ತೀರುವ ತನಕ. ಹಕ್ಕಲಾಯುವದು ಎಂಥದೆಂದು ನಿಮಗೆ ನಾವು ಹೇಳಬೇಕೇ? ರಾಗಿಯ ಹೊಲ ಕೊಯ್ದಾದ ಮೇಲೆ ಬಿದ್ದ ತೆನೆಗಳನ್ನು ಬಗ್ಗಿ ಬಗ್ಗಿ ಆರಿಸಿದ ಬೆನ್ನುಗಳು ನಿಮ್ಮಲ್ಲಿ ಎಷ್ಟೋ ಇವೆ. ಮೊದಲ ದಿನವೇ ಹೆಚ್ಚು ಕಡಿಮೆ ಒಂದು ಏಫಾ ಕಾಳು ಸಿಕ್ಕಿತು. ಹೊಲದ ಯಜಮಾನನು ದಯವಂತನು. ಮಧ್ಯಾಹ್ನ ಹುರಿಗಾಳು ಕೊಟ್ಟನು. ಮತ್ತೊಬ್ಬ ಅತ್ತೆಯಾಗಿದ್ದರೆ ಸೊಸೆಗೆ ಒಳ್ಳೇ ಕೆಲಸ ಸಿಕ್ಕಿತೆಂದು ಸುಮ್ಮನಾಗುತ್ತಿದ್ದಳು. ನೊವೊಮಿ ಸುಮ್ಮನಾಗಲಿಲ್ಲ. ಯಾಕಂದರೆ ಸುಗ್ಗಿ ತೀರಿದ ಮಾರನೆಯ ದಿನ ಹೊಲದಲ್ಲಿ ಕೂಳೆಯ ಹೊರತು ಏನೂ ಇರುವದಿಲ್ಲವೆಂದು ಆಕೆ ಬಲ್ಲಳು. ಆದಕಾರಣ ಎರಡನೆಯ ಅಧ್ಯಾಯವು ಸುಗ್ಗಿಯೊಂದಿಗೆ ಮುಗಿದ ಕೂಡಲೇ ಮೂರನೆಯದು ಠಾವಿನ ಮಾತಿನಿಂದ ಆರಂಭವಾಗುತ್ತದೆ. ಸಂಬಳವು ಠಾವಲ್ಲ. ಸಂಬಳವನ್ನು ಹಗುರವಾಗಿ ಕಾಣಬೇಕೆಂದು ಇದರ ಅರ್ಥವಲ್ಲ. ರೂತಳು ಒಂದು ದಿನವಾದರೂ ಹೊಲ ತಪ್ಪಿಸಿದಳೆಂದು ನಾವು ಓದುವದಿಲ್ಲ.

ಪೂರ್ವ ಬೆಂಗಳೂರು ಇದನ್ನು ಕಣ್ಣಾರೆ ಕಂಡಿದೆ. 1940ರಲ್ಲಿ ವಿಮಾನ ಕಾರ್ಖಾನೆ ಬಂತು. 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆ ಬಂತು. ಅನಂತರ ಬೈಯಪ್ಪನಹಳ್ಳಿಯ ಬಳಿ ವಿದ್ಯುತ್ ಯಂತ್ರಗಳನ್ನು ಮಾಡುವ ಎನ್.ಜಿ.ಇ.ಎಫ್. ಬಂತು. ಅಲ್ಲಿ ಕೆಲಸ ಸಿಕ್ಕಿದವನಿಗೆ ಹೆಣ್ಣು ಕೊಡುವದಕ್ಕೆ ಜನರು ಸಾಲುಗಟ್ಟಿ ನಿಲ್ಲುತ್ತಿದ್ದರು. ಗೇಟಿನ ಸೈರನ್ನು ಕೇಳಿ ಗಡಿಯಾರ ಸರಿಮಾಡಿಕೊಂಡ ಮನೆಗಳು ಎಷ್ಟೋ! ಎನ್.ಜಿ.ಇ.ಎಫ್. 2002ರಲ್ಲಿ ಮುಚ್ಚಿಹೋಯಿತು. ಅಲ್ಲಿಯ ಕೆಲಸಗಾರರಲ್ಲಿ ಕೆಲವರು ಮೂರು ತಿಂಗಳಲ್ಲಿ ಸುಧಾರಿಸಿಕೊಂಡರು. ಕೆಲವರು ಕಡೆಯ ತನಕ ಹಳೆಯ ಗುರುತಿನ ಚೀಟಿಯನ್ನು ಜೇಬಿನಿಂದ ತೆಗೆಯಲಿಲ್ಲ. ಹೆಸರು ಬೇರೆ, ತಗಡಿನ ಡಬ್ಬಿ ಅದೇ. ಈಗ ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳನ್ನು ನೋಡಿ ನಮ್ಮ ಮಕ್ಕಳಿಗೆ ಕಣ್ಣು ಕತ್ತಲಿಡುತ್ತದೆ. ಆ ಊರು ಹುಟ್ಟಿದ್ದೂ ಠಾವನ್ನು ಹುಡುಕಿದವರಿಂದಲೇ. ಇಂಗ್ಲಿಷರ ಮನೆಯಲ್ಲಿಯೂ ನಮ್ಮವರ ಮನೆಯಲ್ಲಿಯೂ ಪೂರಾ ಸೇರದ ಆಂಗ್ಲೋ-ಇಂಡಿಯನ್ ಜನರಿಗೋಸ್ಕರ ವೈಟ್ ಎಂಬವರು ಮುಂದಾಳಾಗಿ, ಚಾಮರಾಜ ಒಡೆಯರು ಭೂಮಿ ಕೊಟ್ಟು, 1882ರಲ್ಲಿ ಅದು ಏರ್ಪಟ್ಟಿತು. ವೃತ್ತವಾಗಿ ಬೀದಿ ಎಳೆದು ಮನೆಗಳನ್ನು ಕಟ್ಟಿದರು. ಬಂದು ನೆಲಸಿದವರಾದರೋ ಎಣಿಸಿದಷ್ಟು ಆಗಲಿಲ್ಲ. ನೂರು ವರುಷಗಳ ಕಾಲ ಅದು ಹಣ್ಣಿನ ತೋಟಗಳ ಸಣ್ಣ ಹಳ್ಳಿಯಾಗಿಯೇ ಇತ್ತು. ನಕ್ಷೆ ಬರೆದು ಭೂಮಿ ಕೊಟ್ಟ ಮಾತ್ರಕ್ಕೆ ಜನರಿಗೆ ಠಾವು ಸಿಕ್ಕುವದಿಲ್ಲವೆಂದು ತೋರುತ್ತದೆ.

ಹಾಗಾದರೆ ದೊಡ್ಡಜ್ಜಿಯವರು ಏನು ಮಾಡಿದರು? ಚೀಟಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು ಒಂದು ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದರು. ಹಲಸೂರಿನ ಒಂದು ಗಲ್ಲಿಯಲ್ಲಿ ಒಂದೇ ಕೊಠಡಿಯನ್ನು ಬಾಡಿಗೆಗೆ ಹಿಡಿದರು. ಕಾರ್ಖಾನೆಯ ಕೆಲಸ ಹುಡುಕಿಕೊಂಡು ಹಳ್ಳಿಯಿಂದ ಬಂದ ಹುಡುಗರು ಬಂಧುತ್ವದ ಎಳೆ ಹಿಡಿದು ಅವರ ಬಾಗಿಲಿಗೆ ಬರತೊಡಗಿದರು. ಬಂದವನಿಗೆ ಮೊದಲು ಮುದ್ದೆ, ಆಮೇಲೆ ಮಾತು. ರಾತ್ರಿ ಐದಾರು ಚಾಪೆಗಳು, ಆರನೆಯವನು ಹೊಸಿಲಲ್ಲಿ ನಿಂತರೆ ಒಳಗೆ ಮಲಗಿದ್ದವರಿಗೆ ಅವರು ಹೇಳುತ್ತಿದ್ದ ಮಾತು ಒಂದೇ: “ಸ್ವಲ್ಪ ಸರಿದು ಮಲಕ್ಕೊಳ್ರಪ್ಪಾ.” ಭಾನುವಾರ ಅವರನ್ನೆಲ್ಲಾ ತಮಿಳಿನ ಆರಾಧನೆಗೆ ಕರೆದುಕೊಂಡು ಹೋಗುವರು. ಹುಡುಗರಿಗೆ ಪ್ರಸಂಗ ತಿಳಿಯದು, ಪಾಟುಗಳು ತಿಳಿಯವು. ಬೆಂಚಿನ ಕೊನೆಯಲ್ಲಿ ಅರ್ಧ ಕೂತು ಅರ್ಧ ನಿಂತಂತಿರುವರು. ಆಗಲೂ ಅದೇ ಮಾತು. ಆ ಮಾತನ್ನು ಅವರು ಬಂದ ಹುಡುಗನಿಗೆ ಹೇಳುತ್ತಿರಲಿಲ್ಲ, ಮೊದಲೇ ಕೂತವರಿಗೆ ಹೇಳುತ್ತಿದ್ದರು. ಹೇಳುವದಕ್ಕೆ ಮುಂಚೆ ತಾವೇ ಸರಿದಿರುತ್ತಿದ್ದರು. ಕೆಲವು ವರುಷಗಳಾದ ಮೇಲೆ ಅವರ ಕೊಠಡಿಯಲ್ಲಿ ಭಾನುವಾರ ಸಂಜೆ ಕನ್ನಡದ ಪ್ರಾರ್ಥನೆಯಾಗತೊಡಗಿತು. ಯಾರೂ ಅದನ್ನು ಸ್ಥಾಪಿಸಲಿಲ್ಲ. ತಮಿಳಿನ ಪಾದ್ರಿಗಳೇ ಒಂದು ಹಳೆಯ ಲಾಂದ್ರವನ್ನು ಕಳುಹಿಸಿಕೊಟ್ಟರು.

“ನನ್ನ ಜಾಗ ಯಾವುದು ದೊಡ್ಡಜ್ಜೀ?” ಎಂದು ಎಳೆಯ ಪ್ರಾಯದಲ್ಲಿ ನಾವೂ ಕೇಳಿದ್ದುಂಟು. ಪಾತ್ರೆ ತಿಕ್ಕುತ್ತಿದ್ದ ಅವರು ತಲೆಯೆತ್ತದೆ, “ಜಾಗ ಹುಡುಕಾಕೆ ಹೋದೋನಿಗೆ ಎಲ್ಲಾ ಕಡೆ ಯಾರೋ ಕೂತಿರ್ತಾರೆ ಮಗಾ. ಯಾರಿಗೆ ಸರಿದು ಕೊಟ್ಟೆಯೋ ಅವ್ರ ಪಕ್ಕದಾಗೆ ನಿನ್ನದು ಐತೆ” ಅಂದರು. ಆಗ ಇದು ಉತ್ತರವೆಂದೇ ತೋರಲಿಲ್ಲ.

ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಹೊಲವನ್ನು ಅಂಚಿನ ತನಕ ಕೊಯ್ಯಬಾರದೆಂದು ಅಪ್ಪಣೆ ಮಾಡಿದನು. ಅಂಚಿನ ಪೈರು ಬಡವನಿಗೂ ಪರದೇಶಿಗೂ ಸೇರಿದ್ದು. ಬೋವಜನು ಅದಕ್ಕಿಂತ ಮುಂದೆ ಹೋಗಿ ಸಿವುಡುಗಳಿಂದಲೇ ತೆನೆಗಳನ್ನು ಬೇಕೆಂದು ಎಳೆದು ಬಿಡಿರೆಂದು ಆಳುಗಳಿಗೆ ಹೇಳಿದನು. ಒಬ್ಬನು ಅಂಚು ಬಿಟ್ಟದ್ದರಿಂದ ಮತ್ತೊಬ್ಬಳಿಗೆ ಕಾಲಿಡುವದಕ್ಕೆ ನೆಲ ಸಿಕ್ಕಿತು. ಹೊಲವು ಕೊನೆಯ ತೆನೆಯ ತನಕ ಕೊಯ್ಯಲ್ಪಟ್ಟಿದ್ದರೆ ರೂತಳ ಪುಸ್ತಕವೇ ಇರುತ್ತಿರಲಿಲ್ಲ.

ಈಗ ಹಿರಿಯರಾದ ನಿಮಗೆ ಒಂದು ಮಾತು. ನೊವೊಮಿಯ ಬುದ್ಧಿವಾದವನ್ನು ಗಮನವಿಟ್ಟು ಓದಿರಿ. ಒಳ್ಳೆಯವಳಾಗಿರು, ದೇವರು ನೋಡಿಕೊಳ್ಳುತ್ತಾನೆ ಎಂದಿಷ್ಟೇ ಹೇಳಿ ಆಕೆ ಕಳುಹಿಸಲಿಲ್ಲ. ಯಾರ ಹೊಲ, ಆತನು ನಮಗೆ ಹೇಗೆ ಸಂಬಂಧಿಕನು, ಈ ಹೊತ್ತು ರಾತ್ರಿ ಆತನು ಎಲ್ಲಿರುತ್ತಾನೆ, ಏನು ಉಟ್ಟುಕೊಳ್ಳಬೇಕು, ಯಾವ ಹೊತ್ತಿನ ತನಕ ಮರೆಯಾಗಿರಬೇಕು, ಇವೆಲ್ಲಾ ಆಕೆಗೆ ತಿಳಿದಿತ್ತು. ಕಡೆಗೆ ಸೊಸೆಯು ಆರು ಅಳತೆ ಜವೆಗೋದಿಯನ್ನು ಹೊತ್ತುಕೊಂಡು ಬಂದಾಗ, ಇನ್ನು ಸಂಗತಿ ತಿಳಿಯುವ ತನಕ ಸುಮ್ಮನೆ ಕೂತಿರೆಂದು ಹೇಳುವದಕ್ಕೂ ಬಲ್ಲಳು. ನಾವಾದರೋ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಬಸ್ಸು ಹತ್ತಿಸುತ್ತೇವೆ. ಅವನು ಮಲಗುವ ಕೊಠಡಿಯಲ್ಲಿ ಎಷ್ಟು ಜನರಿದ್ದಾರೆ? ಏಜೆಂಟನು ಸಂಬಳದಲ್ಲಿ ಎಷ್ಟು ಹಿಡಿಯುತ್ತಾನೆ? ರಾತ್ರಿ ಪಾಳಿ ಮುಗಿಸಿ ಹುಡುಗಿ ಯಾರೊಂದಿಗೆ ಹಿಂದಿರುಗುತ್ತಾಳೆ? ಭಾನುವಾರ ರಜೆಯುಂಟೋ ಇಲ್ಲವೋ? ಇವುಗಳನ್ನು ಕೇಳಿ ತಿಳಿದುಕೊಳ್ಳುವದು ಅಪನಂಬಿಕೆಯಲ್ಲ. ಒಂದು ಸಾರಿ ರೈಲು ಹತ್ತಿ ಹೋಗಿ ನೋಡಿ ಬರುವದು ಒಂದು ಉಪವಾಸಕ್ಕೆ ಸಮವೆಂದು ನಮ್ಮ ಅಭಿಪ್ರಾಯ.

ನಮ್ಮ ಮಕ್ಕಳು ಪಟ್ಟಣದಲ್ಲಿ ಊರ ಹೆಸರನ್ನು ಬಚ್ಚಿಡುತ್ತಾರೆ. ಇದನ್ನು ನೀವು ಬಲ್ಲಿರಿ. ಊರ ಹೆಸರು ಹೇಳಿದರೆ ಕೇರಿಯನ್ನು ಕೇಳುತ್ತಾರೆ. ಕೇರಿಯನ್ನು ಹೇಳಿದರೆ ತಟ್ಟೆ ಬೇರೆಯಾಗುತ್ತದೆ. ಅದಕ್ಕೆ ಹೆಸರನ್ನೇ ಬದಲಾಯಿಸಿಕೊಂಡವರೂ ಉಂಟು. ಅವರನ್ನು ಬೈಯುವದಕ್ಕೆ ನಮಗೆ ಮನಸ್ಸಿಲ್ಲ. ಕಲ್ಲು ಬಿದ್ದವನಿಗೆ ಗೊತ್ತು ಕಲ್ಲಿನ ಭಾರ. ಆದರೆ ರೂತಳನ್ನು ನೋಡಿರಿ. ಬೇತ್ಲೆಹೇಮಿಗೆ ಬಂದ ಮೇಲೆಯೂ ಆಕೆಯನ್ನು ಮೋವಾಬ್ಯಳೆಂದೇ ಕರೆದರು; ಹೊಲದ ಮೇಸ್ತ್ರಿ ಹಾಗೆ ಹೇಳಿದನು; ಮದುವೆಯ ಮಾತನ್ನು ಊರಬಾಗಲಲ್ಲಿ ಹಿರಿಯರ ಮುಂದೆ ಆಡುವಾಗಲೂ ಬೋವಜನು ಆ ಮಾತನ್ನು ನುಂಗಲಿಲ್ಲ. ಮೋವಾಬ್ಯಳಾಗಿಯೇ ಆಕೆಗೆ ಠಾವು ಸಿಕ್ಕಿತು. ಮತ್ತಾಯನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ನಮ್ಮ ಕರ್ತನ ವಂಶಾವಳಿಯೊಳಗೆ ಆಕೆಯ ಹೆಸರು ನಿಂತಿದೆ. ಹುಟ್ಟನ್ನು ಮುಚ್ಚಿಟ್ಟು ದೊರಕಿಸಿಕೊಂಡ ಠಾವು ದಿನಾಲೂ ಕಾವಲು ಕಾಯಬೇಕಾದ ಠಾವು.

ಮತ್ತೂ ಒಂದು ಸಂಗತಿ. ನೊವೊಮಿಗೆ ಇನ್ನು ಯಾರೂ ಇರಲಿಲ್ಲ. ಸೊಸೆಯು ಮತ್ತೊಂದು ಮನೆ ಸೇರಿದರೆ ತನ್ನ ಗತಿಯೇನೆಂದು ಆಕೆ ಅಂಜಬಹುದಾಗಿತ್ತು. ಆದಾಗ್ಯೂ ಆಕೆ ತನ್ನ ವೈಧವ್ಯದ ಪಕ್ಕದಲ್ಲಿ ರೂತಳನ್ನು ಕೂಡ್ರಿಸಿಕೊಳ್ಳಲಿಲ್ಲ. ನಮ್ಮಲ್ಲಿ ಎಷ್ಟೋ ತಂದೆಗಳು ತಮ್ಮ ಕುರ್ಚಿಯಲ್ಲಿಯೇ ಮಗನು ಕೂಡ್ರಬೇಕೆಂದು ಹಟ ಹಿಡಿಯುತ್ತಾರೆ. ಉಪದೇಶಕರೂ ಇದಕ್ಕೆ ಹೊರತಲ್ಲ. ಬೆಂಗಳೂರಿನ ಲಂಡನ್ ಮಿಶನಿನಲ್ಲಿ 1837ರಿಂದ ಐವತ್ತು ವರುಷ ದುಡಿದ ಬೆಂಜಮಿನ್ ರೈಸರ ಮನೆಯನ್ನು ನೆನಸಿಕೊಳ್ಳಿರಿ. ಒಬ್ಬ ಮಗ ಎಡ್ವರ್ಡ್ ರೈಸರು ತಂದೆಯಂತೆ ಮಿಶನರಿಯಾದರು, ಕನ್ನಡ ಸಾಹಿತ್ಯದ ಚರಿತ್ರೆಯನ್ನೂ ಬರೆದರು. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಮತ್ತೊಬ್ಬ ಮಗ ಲೂಯಿ ರೈಸರು ಪ್ರಸಂಗಪೀಠವನ್ನು ಹತ್ತಲಿಲ್ಲ. ಶಾಲೆಗಳ ಕೆಲಸಕ್ಕೆ ಸೇರಿ, ನಮ್ಮ ಹಳ್ಳಿಗಳ ಗುಡಿಯ ಮುಂದೆಯೂ ಕೆರೆಯ ಏರಿಯ ಮೇಲೆಯೂ ಬಿದ್ದಿದ್ದ ಬರಹದ ಕಲ್ಲುಗಳನ್ನು ಸಾವಿರಗಟ್ಟಲೆ ಓದಿಸಿ ಅಚ್ಚುಹಾಕಿಸಿದರು. ನಿಮ್ಮೂರಿನ ಹಳೆಯ ಹೆಸರು ಏನಿತ್ತೆಂದು ಇವತ್ತು ಯಾರಾದರೂ ಹೇಳಬಲ್ಲರಾದರೆ ಅನೇಕ ವೇಳೆ ಅದು ಆ ಸಂಪುಟಗಳಿಂದಲೇ. ಪಾದ್ರಿಯ ಮಗನಾಗಿ ಕಲ್ಲುಗಳ ಹಿಂದೆ ಹೋದನಲ್ಲಾ ಎಂದು ಆಗ ಯಾರಾದರೂ ಅಂದಿದ್ದರೆ ಕನ್ನಡನಾಡಿಗೆ ನಷ್ಟವಾಗುತ್ತಿತ್ತು.

ಹಳ್ಳಿಯಲ್ಲಿಯೇ ಉಳಿಯುವ ಮಕ್ಕಳ ವಿಷಯದಲ್ಲಿ ಚಿಕ್ಕದಾಗಿ ಹೇಳುತ್ತೇವೆ. ಒರ್ಫಾಳು ಅತ್ತೆಗೆ ಮುದ್ದಿಟ್ಟು ತನ್ನ ಜನರ ಬಳಿಗೆ ಹಿಂದಿರುಗಿದಳು. ಪ್ರಸಂಗಿಗಳು ಆಕೆಯನ್ನು ಬೈಯುವದನ್ನು ಬಹಳ ಕೇಳಿದ್ದೇವೆ. ಸತ್ಯವೇದವು ಆಕೆಯನ್ನು ಒಂದು ಮಾತಿನಿಂದಲೂ ಬೈದಿಲ್ಲ. ಆಕೆ ಅತ್ತಳೆಂದು ಹೇಳಿದೆ. ಅಪ್ಪನ ಎರಡು ಎಕರೆಯಲ್ಲಿ ರಾಗಿ ಬೆಳೆದು ಹಸು ಸಾಕುವವನು ಪಟ್ಟಣಕ್ಕೆ ಹೋದವನಿಗಿಂತ ಕಡಿಮೆಯವನೆಂದು ಸಭೆಯಲ್ಲಿ ಯಾರೂ ಎಣಿಸಬಾರದು.

ಪಟ್ಟಣದಿಂದ ಬರಿಗೈಯಲ್ಲಿ ಹಿಂದಿರುಗುವವರು ಬೇರೆ. ನೊವೊಮಿ ತುಂಬಿದವಳಾಗಿ ಹೋಗಿ ಬರಿದಾಗಿ ಬಂದಳು. ಬೇತ್ಲೆಹೇಮೆಲ್ಲಾ ಗದ್ದಲವಾಗಿ, ಇವಳು ನೊವೊಮಿಯೋ ಎಂದು ಹೆಂಗಸರು ಕೇಳಿದರು. ಕೇಳಿದರೆಂದು ಮಾತ್ರ ಬರೆದದೆ. ಆ ದಿನ ಒಂದು ರೊಟ್ಟಿಯನ್ನು ತಂದುಕೊಟ್ಟವಳ ಹೆಸರು ಬರೆದಿಲ್ಲ. ರೊಟ್ಟಿಗೋಸ್ಕರ ಹೊಲಕ್ಕೆ ಹೋದವಳು ಆ ಪರದೇಶದವಳೇ. ಹೋದ ವರುಷ ಕ್ರಿಸ್ಮಸ್ ಆರಾಧನೆಯಲ್ಲಿ ಒಂದು ಹಳ್ಳಿಯ ಸಭೆಯಲ್ಲಿ ನಡೆದದ್ದನ್ನು ನೋಡಿದೆವು. ಕೆಲಸ ಕಳಕೊಂಡು ಬಂದಿದ್ದ ಹುಡುಗನೊಬ್ಬನು ದೇವಾಲಯದ ಹೊರಗೆ ಹುಣಸೆಮರದಡಿಯಲ್ಲಿ ನಿಂತಿದ್ದನು. ಹೋದ ಸಾರಿ ಹೊಸ ಬೂಟು ಹಾಕಿಕೊಂಡು ಬಂದು ಎಲ್ಲರಿಗೂ ಕೇಕು ಹಂಚಿದ್ದವನು ಅವನೇ. ಒಳಗೆ ಹೋಗುವವರೆಲ್ಲರೂ, ಯಾವಾಗ ಬಂದಿ, ಎಲ್ಲಿದ್ದೀ, ಸಂಬಳ ಎಷ್ಟು ಎಂದು ಕೇಳಿ ಒಳಗೆ ಹೋದರು. ಮೊದಲನೆಯ ಕೀರ್ತನೆ ಮುಗಿಯಿತು, ಎರಡನೆಯದೂ ಮುಗಿಯಿತು. ಆಗ ಹಿಂದಿನ ಚಾಪೆಯಲ್ಲಿ ಕೂತಿದ್ದ ಒಬ್ಬ ಕೂಲಿಯ ಹೆಂಗಸು ಕೂಸನ್ನು ತೊಡೆಯ ಮೇಲೆ ಎಳೆದುಕೊಂಡು, ಗೋಡೆಯ ಕಡೆಗೆ ಜರುಗಿ, ಬಾಗಿಲಾಚೆಗೆ ಕೈಬೀಸಿ, “ಬಾರಪ್ಪಾ, ಇಲ್ಲಿ ಐತೆ” ಅಂದಳು. ಅವನು ಬಂದು ಕೂತನು. ಆಕೆಗೆ ನಮ್ಮ ದೊಡ್ಡಜ್ಜಿಯವರ ಗುರುತಿಲ್ಲ.

ರೂತಳಿಗೆ ಗಂಡುಮಗು ಹುಟ್ಟಿತು. ಇವಳು ನೊವೊಮಿಯೋ ಎಂದು ಕೇಳಿ ಸುಮ್ಮನಿದ್ದ ಅದೇ ಊರಿನ ಹೆಂಗಸರು ಈಗ ಬಾಣಂತಿಯ ಮನೆಗೆ ಬಂದು, ಏಳು ಮಂದಿ ಗಂಡುಮಕ್ಕಳಿಗಿಂತಲೂ ಈ ಸೊಸೆಯು ನಿನಗೆ ಉತ್ತಮಳೆಂದು ಮುದುಕಿಗೆ ಹೇಳಿದರು. ನೊವೊಮಿ ಕೂಸನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಅದಕ್ಕೆ ಓಬೇದನೆಂದು ಹೆಸರಿಟ್ಟವರು ತಾಯಿಯೂ ಅಲ್ಲ, ತಂದೆಯೂ ಅಲ್ಲ. ನೆರೆಹೊರೆಯ ಆ ಹೆಂಗಸರೇ.